ಗುರುವಿಲ್ಲದೆ ಪರಭಾಷೆ

ಪರಭಾಷೆಯೊಂದನ್ನು ಮನೆಯಲ್ಲಿ ಕುಳಿತು, ಪಾಠ ಹೇಳುವವರಿಲ್ಲದೆ, ಸ್ವಂತ ಪ್ರಯತ್ನದಿಂದ ಕಲಿಯುವುದು ಸಾಧ್ಯವೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರವಾಗಿ ಹೇಳಬಹುದಾದ ವೃತ್ತಾಂತಗಳಲ್ಲಿ ಹೈನ್ರಿಷ್ ಷ್ಲೀಮನ್ ಎಂಬಾತನದು ಬಹಳ ಸ್ವಾರಸ್ಯವಾದುದು. ಟ್ರಾಯ್ ನಗರದ ಅವಶೇಷಗಳನ್ನು ಅಗೆದು ತೆಗೆದವನೆಂದು ಲೋಕಪ್ರಸಿದ್ಧನಾದ ಈ ಜರ್ಮನ್ ಗೃಹಸ್ಥ 1844ರಲ್ಲಿ ಆಮ್‌ಸ್ಟರ್‌ಡಾಮಿನ ವರ್ತಕಸಂಸ್ಥೆಯೊಂದರಲ್ಲಿ ಇಪ್ಪತ್ತೆರಡು ವರ್ಷದ ಗುಮಾಸ್ತ. ಇಂಗ್ಲಿಷು, ಫ್ರೆಂಚುಗಳನ್ನು ಅದಾಗಲೇ ಕಲಿತಿದ್ದ ಅವನಿಗೆ, ರಷ್ಯನ್ ಭಾಷೆಯೂ ಬಂದರೆ ಕಚೇರಿಯಲ್ಲಿ ಏಳಿಗೆಯುಂಟೆಂದು ತೋರಿತು. ಊರೆಲ್ಲ ಹುಡುಕಿದಾಗ ದೊರೆತದ್ದು ಮೂರೇ ಪುಸ್ತಕ: ಒಂದು ಹಳೆಯ ವ್ಯಾಕರಣ, ಒಂದು ನಿಘಂಟು, ಫ್ರೆಂಚ್ ಲೇಖಕ ಫೆನೆಲಾನನ ‘ಟೆಲಿಮ್ಯಾಕಸನ ಸಾಹಸಗಳು’ ಎಂಬ ಕೃತಿಯ ಒಂದು ಸಾಧಾರಣ ರಷ್ಯನ್ ಅನುವಾದ. ಪಾಠ ಹೇಳಬಲ್ಲ ಒಬ್ಬರೂ ಸಿಕ್ಕಲಿಲ್ಲ. ಊರಿನಲ್ಲಿದ್ದ ರಷ್ಯನ್ ಅಧಿಕಾರಿ ಒಪ್ಪಲಿಲ್ಲ.

ಷ್ಲೀಮನ್ ಆಗ ಮಾಡಿದ ಕೆಲಸ ಮೊದಲಿಗೆ ನಗೆ ತರಿಸುವಂಥದು. ಲಿಪಿಯನ್ನು ಕಲಿತುಕೊಂಡು, ಚಿಕ್ಕಚಿಕ್ಕ ಕಥೆಗಳನ್ನು ಬರೆದು, ಬಾಯಿಪಾಠ ಮಾಡಿದ. ತಿದ್ದುವವರು ಯಾರೂ ಇಲ್ಲ. ಕೇಳುವವರಾದರೂ ಇದ್ದರೆ ಕಲಿಕೆ ಬೇಗ ಸಾಗೀತೆಂದು ಅವನಿಗೆ ಅನ್ನಿಸಿತು. ವಾರಕ್ಕೆ ನಾಲ್ಕು ಫ್ರಾಂಕಿನ ಸಂಬಳ ಗೊತ್ತುಮಾಡಿ ಒಬ್ಬ ಬಡ ಯೆಹೂದ್ಯನನ್ನು ನೇಮಿಸಿಕೊಂಡ. ಪ್ರತಿ ಸಂಜೆ ಎರಡು ಗಂಟೆ ಕಾಲ ಎದುರಿಗೆ ಕುಳಿತು ಷ್ಲೀಮನ್ ಒಪ್ಪಿಸುವ ರಷ್ಯನ್ ಟೆಲಿಮ್ಯಾಕಸನನ್ನು ಕೇಳುವುದು ಆತನ ಕೆಲಸ. ಕೇಳುವವನಿಗೆ ರಷ್ಯನ್ ಭಾಷೆಯ ಒಂದಕ್ಷರವೂ ತಿಳಿಯದು! ಹಲಗೆಯ ಅಟ್ಟದ ಆ ಮನೆಗಳಲ್ಲಿ ಮೂರನೆಯ ಅಂತಸ್ತಿನ ಮಾತು ನೆಲದ ಮನೆಗೆ ಕೇಳುತ್ತಿತ್ತಂತೆ. ಈ ಘೋಷಪಾಠಕ್ಕೆ ಬೇಸತ್ತ ನೆರೆಯವರು ದೂರು ಕೊಟ್ಟು, ಅವನು ಎರಡು ಸಲ ಬಿಡಾರ ಬದಲಿಸಬೇಕಾಯಿತು. ಆರು ವಾರ ಕಳೆಯುವಷ್ಟರಲ್ಲಿ ಲಂಡನ್ನಿನಲ್ಲಿದ್ದ ರಷ್ಯನ್ ನೀಲಿವ್ಯಾಪಾರಿಯೊಬ್ಬನಿಗೆ ಅವನು ರಷ್ಯನ್ನಿನಲ್ಲಿ ಕಾಗದ ಬರೆದ. 1846ರಲ್ಲಿ ಸಂಸ್ಥೆಯ ಪ್ರತಿನಿಧಿಯಾಗಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ.

ಇವೆಲ್ಲ ಆತನೇ ಬರೆದುಕೊಂಡ ಮಾತುಗಳು. ತನ್ನ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡುವುದರಲ್ಲಿ ಷ್ಲೀಮನ್ ಕೃಪಣನಾಗಿರಲಿಲ್ಲ; ಅವನ ಆತ್ಮವೃತ್ತಾಂತದ ಹಲವು ಸಂಗತಿಗಳನ್ನು ವಿದ್ವಾಂಸರು ಸಂದೇಹಿಸಿದ್ದಾರೆ. ಆದುದರಿಂದ ಆರು ವಾರವೆಂಬುದನ್ನು ನಾವು ಪಂಚಾಂಗದಂತೆ ನಂಬಬೇಕಾಗಿಲ್ಲ. ಆದರೆ ಅವನು ಪೀಟರ್ಸ್‌ಬರ್ಗಿನಲ್ಲಿ ದೊಡ್ಡ ವರ್ತಕನಾದದ್ದು, ಹಲವಾರು ಭಾಷೆಗಳಲ್ಲಿ ಕಾಗದ ಬರೆದದ್ದು, ತಾನು ತಿರುಗಿದ ದೇಶಗಳ ಭಾಷೆಗಳಲ್ಲೇ ದಿನಚರಿ ಇಟ್ಟದ್ದು ದಾಖಲೆಯ ವಿಷಯಗಳು. ಭಾಷೆ ಬಂದದ್ದಂತೂ ನಿಜ. ಬಂದ ಬಗೆ ವಿಚಾರಣೀಯ.

ಏಕಲವ್ಯನಿಗೆ ಮಣ್ಣಿನ ದ್ರೋಣ ಸಾಕಾದನಷ್ಟೆ? ಷ್ಲೀಮನ್ನನ ಮುಂದೆ ಕುಳಿತ ಆ ಬಡವನೂ ಅಂಥದೇ ಒಂದು ಪ್ರತಿಮೆ. ಪ್ರತಿಮೆ ಏನನ್ನೂ ಕಲಿಸುವುದಿಲ್ಲ. ಆದರೆ ಅದರ ಎದುರಿಗೆ ನಿಂತವನು ಬಿಲ್ಲೆತ್ತಲೇಬೇಕು. ಒಂಟಿಯಾಗಿ ಕಲಿಯುವವನ ಮೊದಲ ಶತ್ರು ಮೌನ. ಪುಸ್ತಕವನ್ನು ಕಣ್ಣಿನಿಂದ ಓದಿ, ಅರ್ಥವಾಯಿತೆಂದು ಮುಚ್ಚಿಟ್ಟು, ಮರುದಿನ ಮುಂದಿನ ಪಾಠಕ್ಕೆ ಹೋಗುವುದು ಅವನ ಸಹಜ ಪ್ರವೃತ್ತಿ. ಹೀಗೆ ಓದಿದ ಭಾಷೆ ಕಣ್ಣಿನಲ್ಲೇ ನಿಂತುಬಿಡುತ್ತದೆ. ನಾಲಿಗೆಗೂ ಕಿವಿಗೂ ಇಳಿಯುವುದಿಲ್ಲ. ಇಂಗ್ಲಿಷ್ ಕಲಿಯುವಾಗಲೂ ಷ್ಲೀಮನ್ ಭಾನುವಾರ ಎರಡು ಹೊತ್ತು ಇಂಗ್ಲಿಷ್ ಚರ್ಚಿಗೆ ಹೋಗಿ, ಪಾದ್ರಿಯ ಉಪದೇಶದ ಒಂದೊಂದು ಮಾತನ್ನೂ ತುಟಿಯೊಳಗೇ ಹಿಂದೆಯೇ ಹೇಳಿಕೊಳ್ಳುತ್ತಿದ್ದನಂತೆ. ಅದರಿಂದ ಅವನಿಗೆ ಬಂದ ಪುಣ್ಯವೆಷ್ಟೋ ಕಾಣೆ, ಉಚ್ಚಾರಣೆ ಬಂತು.

ಎರಡನೆಯ ಮಾತು ಅವನು ಆರಿಸಿಕೊಂಡ ಪುಸ್ತಕದ್ದು. ಟೆಲಿಮ್ಯಾಕಸ್ ಅವನಿಗೆ ಹೊಸತಲ್ಲ. ಫ್ರೆಂಚ್ ಕಲಿಯುವಾಗ ಅದನ್ನು ಬಾಯಿಪಾಠ ಮಾಡಿದ್ದ. ಆದಕಾರಣ ರಷ್ಯನ್ ಪುಟ ತೆರೆದಾಗ ಕಥೆ ಏನೆಂದು ಅವನು ತಡಕಬೇಕಾಗಿರಲಿಲ್ಲ. ಗೊತ್ತಿದ್ದ ಅರ್ಥಕ್ಕೆ ಗೊತ್ತಿಲ್ಲದ ಮಾತನ್ನು ಹೊಂದಿಸಿಕೊಂಡರಾಯಿತು. ಸಾಮಾನ್ಯವಾಗಿ ನಾವು ಮಾಡುವುದು ಇದಕ್ಕೆ ವಿರುದ್ಧ. ಶಬ್ದಗಳ ಪಟ್ಟಿಯೊಂದನ್ನು ಮಾಡಿ, ಎಡಗಡೆ ಆ ಭಾಷೆ, ಬಲಗಡೆ ಈ ಭಾಷೆ ಬರೆದು, ಉರು ಹೊಡೆಯುತ್ತೇವೆ. ಈ ಕಷ್ಟ ಎಷ್ಟು ವ್ಯರ್ಥವೆಂಬುದನ್ನು ಅಳೆದು ತೋರಿಸಿದವನು ಇನ್ನೊಬ್ಬ ಜರ್ಮನ್, ಹೆರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ನೆನಪಿನ ಕುರಿತ ಗ್ರಂಥಕ್ಕಾಗಿ ಅವನು ಪರೀಕ್ಷೆಗೆ ಒಡ್ಡಿದ್ದು ತನ್ನೊಬ್ಬನನ್ನೇ. ಅರ್ಥವಿಲ್ಲದ ಸುಮಾರು 2300 ಅಕ್ಷರಗುಚ್ಛಗಳನ್ನು ಕಟ್ಟಿಕೊಂಡು, ಸಾಲುಸಾಲಾಗಿ ಬಾಯಿಪಾಠ ಮಾಡಿ, ಎಷ್ಟು ಕಾಲಕ್ಕೆ ಎಷ್ಟು ಮರೆಯಿತೆಂದು ಗಡಿಯಾರ ಹಿಡಿದು ಲೆಕ್ಕ ಹಾಕಿದ. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶ್ರಮ ನಷ್ಟ. ಒಂದು ದಿನದಲ್ಲಿ ಮೂರರಲ್ಲಿ ಎರಡು ಪಾಲು. ಆಮೇಲೆ ಸೋರಿಕೆ ನಿಧಾನವಾಗಿ, ತಿಂಗಳ ಕೊನೆಗೂ ಐದರಲ್ಲಿ ಒಂದು ಪಾಲಿನಷ್ಟು ಉಳಿದಿತ್ತು. ಒಂದೇ ದಿನ 68 ಸಲ ಹೇಳಿಕೊಂಡದ್ದರ ಫಲವನ್ನು, ಮೂರು ದಿನಗಳಿಗೆ ಹಂಚಿಕೊಂಡು 38 ಸಲ ಹೇಳಿಕೊಂಡು ಪಡೆಯಬಹುದೆಂದೂ ಕಂಡುಕೊಂಡ. ಆದರೆ ನಮಗೆ ಮುಖ್ಯವಾದದ್ದು ಅವನ ಮತ್ತೊಂದು ಲೆಕ್ಕ. ಬೈರನ್ ಕವಿಯ ಪದ್ಯಗಳನ್ನು ಬಾಯಿಪಾಠ ಮಾಡಲು, ಅಷ್ಟೇ ಉದ್ದದ ಅರ್ಥಹೀನ ಸಾಲುಗಳಿಗೆ ಬೇಕಾಗುವ ಶ್ರಮದಲ್ಲಿ ಹತ್ತನೆಯ ಒಂದು ಪಾಲು ಸಾಕಾಯಿತು. ಕಥೆಯೂ ಲಯವೂ ಇರುವ ಮಾತು ಒಂದನ್ನೊಂದು ಕೈಹಿಡಿದು ಬರುತ್ತದೆ. ಒಂಟಿ ಶಬ್ದಗಳ ಪಟ್ಟಿ ಅರ್ಥಹೀನ ಅಕ್ಷರಗುಚ್ಛಕ್ಕಿಂತ ಬಹಳ ಮೇಲೆ ಇಲ್ಲ.

ಷ್ಲೀಮನ್ನನಿಗೆ ನೀಲಿಯ ವ್ಯಾಪಾರವಿತ್ತು. ನಮಗೇಕೆ ಈ ಸಾಹಸ ಎಂದು ಕೇಳಬಹುದು. ಟಾಲ್‌ಸ್ಟಾಯ್, ಚೆಖೋವ್, ಗಾರ್ಕಿ ಇವರು ಕನ್ನಡದ ಓದುಗರಿಗೆ ಅಪರಿಚಿತರೇನಲ್ಲ. ಆದರೆ ಬಹುಪಾಲು ಅವರು ನಮ್ಮಲ್ಲಿಗೆ ಬಂದದ್ದು ಇಂಗ್ಲಿಷಿನ ಮೂಲಕ. ಅದು ಉಪಕಾರವೇ ಸರಿ. ಆದರೆ ರಷ್ಯನ್ನಿನಂಥ ಭಾಷೆಗೂ ಕನ್ನಡಕ್ಕೂ ನಡುವೆ ಇಂಗ್ಲಿಷ್ ಬಂದು ನಿಂತಾಗ, ಎರಡು ಕಡೆಯೂ ಇರುವ ಸಾಮ್ಯಗಳನ್ನು ಅದು ಮರೆಮಾಡುತ್ತದೆ. ಕಲಿಯುವವನಿಗೆ ಆಗುವ ನಷ್ಟವೂ ಇದೇ. ನಮಗೆ ದೊರೆಯುವ ಸ್ವಬೋಧಿನಿಗಳು ಹೆಚ್ಚಾಗಿ ಇಂಗ್ಲಿಷಿನವು, ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಬರೆದವು. ಅವರ ಕಷ್ಟಗಳನ್ನೆಲ್ಲ ನಮ್ಮವೆಂದು ತಲೆಯ ಮೇಲೆ ಹೊತ್ತುಕೊಂಡು ನಾವು ಬೆವರುತ್ತೇವೆ.

ಉದಾಹರಣೆಗೆ, ‘ಇದು ಮನೆ’ ಎಂಬುದಕ್ಕೆ ರಷ್ಯನ್ನಿನಲ್ಲಿ ‘ಎತ ದೋಮ್’ ಎನ್ನುತ್ತಾರೆ. ಎರಡೇ ಪದ, ‘ಇದು’, ‘ಮನೆ’. ವರ್ತಮಾನದಲ್ಲಿ ‘ಇದೆ’, ‘ಆಗಿದೆ’ ಎಂಬ ಕ್ರಿಯಾಪದ ಬೇಕಿಲ್ಲ, ಇಂಗ್ಲಿಷಿನ ‘ಎ’, ‘ದಿ’ಗಳೂ ಇಲ್ಲ. ಇಂಗ್ಲಿಷ್ ಪುಸ್ತಕ ಇದನ್ನೊಂದು ವೈಚಿತ್ರ್ಯವೆಂದು ಪುಟಗಟ್ಟಲೆ ವಿವರಿಸುತ್ತದೆ. ಕನ್ನಡಿಗನಿಗೆ ವಿವರಿಸಬೇಕಾದ್ದೇನಿದೆ? ‘ಮ್ನ್ಯೆ ಖೋಲದ್ನ’ ಎಂದರೆ ‘ನನಗೆ ಚಳಿ’. ಚಳಿಯಾಗುವವನು ಇಲ್ಲಿ ಕರ್ತೃವಲ್ಲ, ಚತುರ್ಥಿಯಲ್ಲಿರುವವನು, ನಮ್ಮಲ್ಲಿರುವ ಹಾಗೆಯೇ. ‘ನನಗೆ ಇಪ್ಪತ್ತು ವರ್ಷ’, ‘ನನಗೆ ಬೇಕು’, ‘ನನಗೆ ಹಿಡಿಸುತ್ತದೆ’ ಇವೆಲ್ಲವನ್ನೂ ರಷ್ಯನ್ನರು ಚತುರ್ಥಿಯಲ್ಲೇ ಹೇಳುತ್ತಾರೆ. ಇಂಗ್ಲಿಷಿನವರ ‘ಹ್ಯಾವ್’ ಎಂಬ ಕ್ರಿಯಾಪದದ ಕೆಲಸವನ್ನು ರಷ್ಯನ್ ಭಾಷೆ ‘ಊ ಮಿನ್ಯಾ ಯೆಸ್ತ್ ಕ್ನೀಗ’, ಅಂದರೆ ‘ನನ್ನ ಬಳಿ ಇದೆ ಪುಸ್ತಕ’, ಎಂದು ನಡೆಸುತ್ತದೆ. ‘ಕರಂದಾಷ್’ ಎಂದರೆ ಪೆನ್ಸಿಲು, ‘ಕರಂದಶೋಮ್’ ಎಂದರೆ ಪೆನ್ಸಿಲಿನಿಂದ. ವಿಭಕ್ತಿಪ್ರತ್ಯಯ ಪದದ ಕೊನೆಗೇ ಅಂಟುತ್ತದೆ. ಆರು ವಿಭಕ್ತಿಗಳೆಂದು ಕೇಳಿ ಇಂಗ್ಲಿಷ್ ವಿದ್ಯಾರ್ಥಿ ಎದೆಗೆಡಬಹುದು; ಏಳು ವಿಭಕ್ತಿಗಳನ್ನು ಶಾಲೆಯಲ್ಲೇ ಉರುಹೊಡೆದ ನಾವೇಕೆ ಗಾಬರಿಯಾಗಬೇಕು?

ರಷ್ಯನ್ ಕ್ರಿಯಾಪದಗಳಲ್ಲಿ ಜೋಡಿಗಳುಂಟು. ‘ಚಿತಾಲ್’ ಎಂದರೆ ಓದಿದ, ಓದುತ್ತಿದ್ದ. ಓದು ಮುಗಿಯಿತೋ ಇಲ್ಲವೋ ಹೇಳುವುದಿಲ್ಲ. ‘ಪ್ರಚಿತಾಲ್’ ಎಂದರೆ ಓದಿ ಮುಗಿಸಿದ. ವ್ಯಾಕರಣಗಳಲ್ಲಿ ಇದೊಂದು ಭಯಂಕರ ಅಧ್ಯಾಯ. ಆದರೆ ‘ಓದುತ್ತಿದ್ದೆ’ ಎಂಬುದಕ್ಕೂ ‘ಓದಿಬಿಟ್ಟೆ’ ಎಂಬುದಕ್ಕೂ ಇರುವ ಅಂತರವನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಎರಡೂ ತದ್ವತ್ ಒಂದೇ ಎಂದು ನಾನು ಹೇಳುತ್ತಿಲ್ಲ. ಒಳಗೆ ಹೋಗಲು ಬಾಗಿಲಾದೀತು ಎಂದಷ್ಟೇ. ಸಂಸ್ಕೃತದ ಪರಿಚಯವಿದ್ದವರಿಗೆ ಇನ್ನೂ ಒಂದು ಸಂತೋಷ ಕಾದಿದೆ: ‘ದ್ವ’ ಎರಡು, ‘ತ್ರೀ’ ಮೂರು, ‘ದ್ವೇರ್’ ಎಂದರೆ ದ್ವಾರ, ‘ಅಗೋನ್’ ಅಗ್ನಿ, ‘ಝಿಮ’ ಎಂಬ ಚಳಿಗಾಲ ನಮ್ಮ ಹಿಮಕ್ಕೆ ದಾಯಾದಿ. ಆದರೆ ಈ ಸಂತೋಷದಲ್ಲೇ ಮುಳುಗಿ, ಶಬ್ದಗಳ ಗೋತ್ರಪ್ರವರ ವಿಚಾರಿಸುತ್ತ, ಒಂದು ವಾಕ್ಯವನ್ನೂ ಆಡಲಾರದೆ ಉಳಿದ ವಿದ್ವಾಂಸರೂ ಇಲ್ಲದಿಲ್ಲ.

ನಿಜವಾದ ಕಷ್ಟ ಬೇರೆ ಕಡೆ ಇದೆ. ಕನ್ನಡದಲ್ಲಿ ಬರೆದಂತೆ ಓದು, ರಷ್ಯನ್ನಿನಲ್ಲಿ ಹಾಗಲ್ಲ. ಒಂದು ಪದದಲ್ಲಿ ಒಂದಕ್ಷರಕ್ಕೆ ಮಾತ್ರ ಒತ್ತು. ಒತ್ತು ಬೀಳದ ‘ಒ’ಕಾರ ‘ಅ’ಕಾರದತ್ತ ಜಾರುತ್ತದೆ. ಹಾಲಿಗೆ ‘ಮೊಲೊಕೊ’ ಎಂದು ಬರೆಯುತ್ತಾರೆ, ‘ಮಲಕೋ’ ಎಂದು ಹೇಳುತ್ತಾರೆ. ಒಂದೇ ಅಕ್ಷರಗಳಲ್ಲಿ ಬರೆದ ಪದವನ್ನು ‘ಜಾಮಕ್’ ಎಂದರೆ ಕೋಟೆಯಂಥ ಅರಮನೆ, ‘ಜಮೋಕ್’ ಎಂದರೆ ಬೀಗ. ಒತ್ತು ಎಲ್ಲಿ ಬೀಳುತ್ತದೆಂದು ಸಾಮಾನ್ಯ ಪುಸ್ತಕಗಳಲ್ಲಿ ಗುರುತು ಹಾಕಿರುವುದಿಲ್ಲ. ಆದುದರಿಂದ ಕಿವಿಯ ಸಹಾಯವಿಲ್ಲದೆ ಈ ಭಾಷೆಯನ್ನು ಕಲಿಯಹೊರಟವನು ತಪ್ಪು ಭಾಷೆಯೊಂದನ್ನು ಬಹಳ ಚೆನ್ನಾಗಿ ಕಲಿತುಬಿಡುತ್ತಾನೆ. ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳುವ ಅಭ್ಯಾಸವೂ ಅಪಾಯಕರ. ಇಲ್ಲಿ ನಾನು ಬರೆದಿರುವುದೂ ಸುಮಾರಾದ ಸೂಚನೆಯೇ ಹೊರತು ಅದೇ ಧ್ವನಿಯಲ್ಲ. ಅವರ ಮೃದುವ್ಯಂಜನಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ. ಲಿಪಿಯಲ್ಲಿರುವುದು ಮೂವತ್ತಮೂರೇ ಅಕ್ಷರ. ಒಂದು ವಾರದ ಕೆಲಸ. ಅದನ್ನೇ ಮೊದಲು ಕಲಿತುಬಿಡುವುದು ಲೇಸು.

ಷ್ಲೀಮನ್ ಪಾದ್ರಿಯ ಕಂಠವನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಇಂದು ನಮ್ಮ ಜೇಬಿನ ಫೋನಿನಲ್ಲಿಯೇ ಚೆಖೋವನ ಕಥೆಗಳನ್ನು ರಷ್ಯನ್ ನಟರು ಓದುವುದನ್ನು ಕೇಳಬಹುದು. ಸೌಕರ್ಯ ಹೆಚ್ಚಿದೆ, ಆದರೆ ಕೇಳುವುದಕ್ಕೂ ಕೇಳಿ ಹೇಳುವುದಕ್ಕೂ ಭೇದವುಂಟು. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಗಟ್ಟಿಯಾಗಿ ಹೇಳಬೇಕು. ಮನೆಯವರು ನಕ್ಕರೆ ನಗಲಿ. ಷ್ಲೀಮನ್ನನ ನೆರೆಯವರಷ್ಟು ಕಠಿಣರಾಗಲಾರರು.

ಯಾವ ಪುಸ್ತಕ ಎಂದರೆ, ಆರಂಭಕ್ಕೆ ಟಾಲ್‌ಸ್ಟಾಯ್ ಬರೆದ ‘ಅಜ್ಬುಕ’, ಅಂದರೆ ಅಕ್ಷರಮಾಲೆಗಿಂತ ಉತ್ತಮವಾದದ್ದನ್ನು ನಾನು ಕಾಣೆ. ರೈತರ ಮಕ್ಕಳಿಗೆ ಪಾಠ ಹೇಳುವುದರಲ್ಲಿ ತೊಡಗಿದ್ದ ಆ ಮಹಾಲೇಖಕ 1872ರಲ್ಲಿ ಅದನ್ನೂ, 1875ರಲ್ಲಿ ತಿದ್ದಿದ ‘ಹೊಸ ಅಜ್ಬುಕ’ವನ್ನೂ ಹೊರತಂದ. ನಾಲ್ಕೈದು ಸಾಲಿನಿಂದ ಒಂದೆರಡು ಪುಟದವರೆಗಿನ ಕಥೆಗಳು. ಈಸೋಪನವು ಉಂಟು, ಭಾರತದಿಂದ ಹೋದವೂ ಉಂಟು, ಮೂರು ಕರಡಿಗಳ ಕಥೆಯುಂಟು. ಭಾಷೆ ಸ್ಫಟಿಕದಂತೆ ಸರಳ. ಕಥೆ ಮೊದಲೇ ಗೊತ್ತಿರುವುದರಿಂದ ಷ್ಲೀಮನ್ನನ ಟೆಲಿಮ್ಯಾಕಸಿನ ಅನುಕೂಲವೂ ದೊರೆಯಿತು.

ತಪ್ಪನ್ನು ತಿದ್ದುವವರಾರು ಎಂಬ ಪ್ರಶ್ನೆ ಉಳಿಯಿತು. ಆರು ವಾರದ ಷ್ಲೀಮನ್ನನಿಗೂ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಹೇಳಿದವನು ಅವನಿಗಿಂತ ಮೂರು ಶತಮಾನ ಹಿಂದಿನ ಇಂಗ್ಲಿಷ್ ಉಪಾಧ್ಯಾಯ ರಾಜರ್ ಆಸ್ಕಮ್. ರಾಣಿ ಎಲಿಜಬೆತ್ತಳಿಗೆ ಗುರುವಾಗಿದ್ದ ಈತನ ಗ್ರಂಥ, ಆತ ತೀರಿಕೊಂಡ ಮೇಲೆ 1570ರಲ್ಲಿ ಅಚ್ಚಾಯಿತು. ಲ್ಯಾಟಿನ್ ಕಲಿಸಲು ಅವನು ಸೂಚಿಸಿದ ಉಪಾಯ ಇದು: ಸಿಸೆರೋವಿನ ಕಾಗದವೊಂದನ್ನು ವಿದ್ಯಾರ್ಥಿ ತನ್ನ ಭಾಷೆಗೆ ತಿರುಗಿಸಬೇಕು, ಮೂಲವನ್ನು ಮುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ತನ್ನ ಅನುವಾದವನ್ನೇ ಮರಳಿ ಲ್ಯಾಟಿನ್ನಿಗೆ ತಿರುಗಿಸಬೇಕು, ಅನಂತರ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ತಿದ್ದುವವನು ಸ್ವತಃ ಸಿಸೆರೋ! ಟಾಲ್‌ಸ್ಟಾಯಿಯ ಹತ್ತು ಸಾಲನ್ನು ಹೀಗೆ ಕನ್ನಡಕ್ಕೆ ತಂದು, ಮೂರು ದಿನ ಬಿಟ್ಟು ಹಿಂದಕ್ಕೆ ಒಯ್ದು ನೋಡಿ. ಎಲ್ಲಿ ಎಡವಿದೆವೆಂಬುದು ಯಾರ ಮುಂದೆಯೂ ಮಾನ ಕಳೆದುಕೊಳ್ಳದೆ ತಿಳಿಯುತ್ತದೆ. ಸ್ವಬೋಧಿನಿಗಳ ಕೊನೆಯಲ್ಲಿ ಕೊಟ್ಟಿರುವ ಉತ್ತರಮಾಲಿಕೆಗಿಂತ ಇದು ಎಷ್ಟೋ ಮೇಲು. ನನ್ನ ಮಟ್ಟಿಗೆ ಒಂಟಿಯಾಗಿ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಉಪಾಯವೇ ಇಲ್ಲ.

ಹಂಗೇರಿಯ ಲೊಂಬ್ ಕಾತೋ ಎಂಬ ಮಹಿಳೆಯ ಮಾರ್ಗ ತುಸು ಬೇರೆ. 1909ರಲ್ಲಿ ಹುಟ್ಟಿ 2003ರಲ್ಲಿ ತೀರಿಕೊಂಡ ಈಕೆ ಓದಿದ್ದು ರಸಾಯನಶಾಸ್ತ್ರ. ಹೆಸರಾದದ್ದು ಹಲವು ಭಾಷೆಗಳ ದುಭಾಷಿಯಾಗಿ. ಭಾಷೆಗಳನ್ನು ಕಲಿತ ಬಗೆಯನ್ನು 1970ರಲ್ಲಿ ಪುಸ್ತಕವಾಗಿ ಬರೆದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಂಗೇರಿಯಲ್ಲಿ ರಷ್ಯನ್ ಪುಸ್ತಕ ಕೈಯಲ್ಲಿ ಕಂಡರೆ ಅಪಾಯ. ಗೊಗೊಲನ ‘ಸತ್ತ ಆತ್ಮಗಳು’ ಕಾದಂಬರಿಯ ಹಾಳೆಗಳನ್ನು ಹಂಗೇರಿಯನ್ ವಿಶ್ವಕೋಶವೊಂದರ ಒಳಗೆ ಸೇರಿಸಿಕೊಂಡು, ಬಾಂಬಿನ ದಾಳಿಗೆ ಅಡಗಿ ಕುಳಿತ ನೆಲಮಾಳಿಗೆಯಲ್ಲಿ ಆಕೆ ಓದಿದಳು. ತಿಳಿಯದ ಪದ ಬಂದಾಗಲೆಲ್ಲ ನಿಘಂಟು ತೆರೆಯಲಿಲ್ಲ, ಮುಂದೆ ಓದಿದಳು. ಮುಖ್ಯವಾದ ಪದವಾದರೆ ಮತ್ತೆ ಬಂದೇ ಬರುತ್ತದೆ, ಸಂದರ್ಭವೇ ಅರ್ಥ ಹೇಳುತ್ತದೆ ಎಂಬುದು ಆಕೆಯ ನಿಲುವು. ಆಕೆಯ ಮಾತೃಭಾಷೆ ಹಂಗೇರಿಯನ್ನೂ ನಮ್ಮ ಕನ್ನಡದಂತೆ ಪ್ರತ್ಯಯಗಳನ್ನು ಒಂದರ ಹಿಂದೊಂದು ಜೋಡಿಸುವ ಭಾಷೆ ಎಂಬುದನ್ನು ಇಲ್ಲಿ ನೆನೆಯಬಹುದು. ಷ್ಲೀಮನ್ ಒಂದು ಬಾವಿಯನ್ನು ಆಳವಾಗಿ ತೋಡಿದ. ಈಕೆ ಹೊಳೆಗೆ ಇಳಿದಳು. ಮೊದಲ ವರ್ಷ ಬಾವಿ, ಎರಡನೆಯ ವರ್ಷದಿಂದ ಹೊಳೆ ಎಂದಿಟ್ಟುಕೊಂಡರೆ ವಿರೋಧವೇನೂ ಇಲ್ಲ.

ವರ್ಷಗಳ ಮಾತೆತ್ತಿದೆ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ‘ಮೂವತ್ತು ದಿನಗಳಲ್ಲಿ’ ಎಂಬ ಹೊದಿಕೆಯ ಪುಸ್ತಕಗಳನ್ನು ನೀವು ಕಂಡಿದ್ದೀರಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ನೌಕರರಿಗೆ ರಷ್ಯನ್ ಕಲಿಸಲು ಸುಮಾರು 1100 ಗಂಟೆಗಳ ತರಗತಿ ಬೇಕೆಂದು ಲೆಕ್ಕವಿಟ್ಟಿದೆ. ದಿನಕ್ಕೊಂದು ಗಂಟೆಯಂತೆ ಮೂರು ವರ್ಷ. ಅದು ಇಂಗ್ಲಿಷ್ ಮಾತೃಭಾಷೆಯವರ ಲೆಕ್ಕ; ಗುರುವಿದ್ದೂ ಅಷ್ಟು. ಒಂದು ದಿನ ಐದು ಗಂಟೆ ಓದಿ ವಾರವಿಡೀ ಬಿಡುವುದಕ್ಕಿಂತ ದಿನಕ್ಕೆ ಮುಕ್ಕಾಲು ಗಂಟೆ ಲೇಸೆಂಬುದನ್ನು ಎಬ್ಬಿಂಗ್‌ಹೌಸನ 68 ಮತ್ತು 38 ಆಗಲೇ ಹೇಳಿವೆ.

ಅಫನಾಸಿ ನಿಕಿತಿನ್ ಎಂಬ ತ್ವೇರ್ ಪಟ್ಟಣದ ರಷ್ಯನ್ ವರ್ತಕ 15ನೆಯ ಶತಮಾನದಲ್ಲಿ ನಮ್ಮ ಬೀದರಿಗೆ ಬಂದು ಬಹಮನಿ ಸುಲ್ತಾನರ ಆಡಳಿತ ಕಂಡು ಹೋದದ್ದನ್ನು ಚರಿತ್ರೆ ಓದಿದವರು ಬಲ್ಲರು. ಅವನ ಟಿಪ್ಪಣಿಗಳಲ್ಲಿ ಒಂದು ವಿಚಿತ್ರವಿದೆ. ರಷ್ಯನ್ನಿನಲ್ಲಿ ಬರೆಯುತ್ತ ಹೋಗಿ, ನಡುನಡುವೆ, ದೇವರ ಪ್ರಾರ್ಥನೆಯಲ್ಲಿ ಕೂಡ, ರಷ್ಯನ್ ಲಿಪಿಯಲ್ಲೇ ತುರ್ಕಿ, ಪಾರಸಿ, ಅರಬ್ಬಿ ಮಾತುಗಳಿಗೆ ಹೊರಳಿಬಿಡುತ್ತಾನೆ. ಪೇಟೆಯಲ್ಲಿ ಕಿವಿಯಿಂದ ಕಲಿತ ಭಾಷೆ ಅವನ ಲೇಖನಿಗೂ ಇಳಿದಿತ್ತು. ಆತ ತಾಯ್ನಾಡು ಸೇರುವ ಮುನ್ನವೇ, ಸ್ಮೊಲೆನ್ಸ್ಕಿನ ಹತ್ತಿರ, ತೀರಿಕೊಂಡ. ಬರಹ ಮಾತ್ರ ಉಳಿಯಿತು.

ಕೊನೆಗೆ, ಇಷ್ಟು ಕಷ್ಟಪಟ್ಟವನಿಗೆ ದೊರೆಯುವುದೇನು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ರಷ್ಯನ್ನಿನಲ್ಲಿ ‘ತಿ’, ‘ವಿ’ ಎಂಬ ಎರಡು ಸರ್ವನಾಮಗಳುಂಟು. ನಮ್ಮ ‘ನೀನು’, ‘ನೀವು’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಯೂ’. ಚೆಖೋವನ ‘ನಾಯಿಮರಿಯೊಡನೆ ಬಂದ ಮಹಿಳೆ’ ಎಂಬ 1899ರ ಕಥೆಯನ್ನು ಅನುವಾದದಲ್ಲಿ ಓದಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಯಾಲ್ಟಾದ ಕಡಲತೀರದಲ್ಲಿ ಗೂರೊವ್ ಎಂಬ ವಿವಾಹಿತನಿಗೆ ಆನ್ನಾ ಎಂಬ ವಿವಾಹಿತೆ ಪರಿಚಯವಾಗುತ್ತಾಳೆ. ಇಬ್ಬರೂ ಪರಸ್ಪರ ‘ನೀವು’ ಎನ್ನುತ್ತಿರುತ್ತಾರೆ. ಅವರ ಸಂಬಂಧ ಮೇರೆ ಮೀರಿದ ದಿನ, ಅವಳ ಕೋಣೆಯಲ್ಲಿ, ಇನ್ನು ತನ್ನ ಮೇಲೆ ಅವನಿಗೆ ಗೌರವ ಉಳಿಯದೆಂದು ಅವಳು ದುಃಖಿಸುವಾಗ ಅವನನ್ನು ‘ನೀವು’ ಎಂದೇ ಕರೆಯುತ್ತಾಳೆ. ಗೌರವಕ್ಕೆ ಕುಂದಿಲ್ಲವೆಂದು ಸಮಾಧಾನ ಹೇಳುವ ಅವನು ಆ ಉತ್ತರದಲ್ಲೇ ‘ನೀನು’ ಎಂದುಬಿಡುತ್ತಾನೆ. ಚೆಖೋವ್ ಇದರ ಮೇಲೆ ಒಂದು ಮಾತಿನ ವ್ಯಾಖ್ಯಾನವನ್ನೂ ಮಾಡುವುದಿಲ್ಲ. ಮುಂದೆ ಅವಳ ಊರಿನ ನಾಟಕಶಾಲೆಯಲ್ಲಿ ಅವರು ಮತ್ತೆ ಭೇಟಿಯಾದಾಗಲೂ ಆನ್ನಾ ‘ನೀವು’ ಬಿಟ್ಟಿಲ್ಲ. ಇಂಗ್ಲಿಷಿನಲ್ಲಿ ಇದಾವುದೂ ಕಾಣುವಂತಿಲ್ಲ. ಇಂಗ್ಲಿಷಿನಿಂದ ಕನ್ನಡಿಸುವವರು ಇಬ್ಬರ ಬಾಯಿಗೂ ತಮಗೆ ತೋರಿದ ಸರ್ವನಾಮವನ್ನು ಹಾಕಬೇಕು. ಕಥೆಯ ಕೊನೆಯ ಭಾಗದಲ್ಲಿ, ಮಾಸ್ಕೋದ ಹೋಟೆಲಿನ ಕೋಣೆಯಲ್ಲಿ, ಹೇಗಿದ್ದೀಯೆ ಎಂದು ಅವನು ಕೇಳುತ್ತಾನೆ. ಅಳು ಬಂದು ಮಾತು ಹೊರಡದ ಆನ್ನಾ, ಸ್ವಲ್ಪ ತಡೆದು ಹೇಳುತ್ತೇನೆ ಎನ್ನುತ್ತಾಳೆ. ಅಲ್ಲಿ ಅವಳು ಬಳಸುವ ಕ್ರಿಯಾಪದ ‘ಪಗದೀ’. ‘ತಾಳಿ’ ಎಂದಲ್ಲ, ‘ತಾಳು’ ಎಂದು.